ಸಣ್ಣ ಚುಕ್ಕಿ ಉಳಿಯುವ ಸ್ಕ್ರೀನ್: ನಾನು ತಯಾರಿಸುವ ರೀತಿ

ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಟೀ-ಶರ್ಟ್ ಮೇಲೆ ಹಾಫ್‌ಟೋನ್ (ಸಣ್ಣ ದೊಡ್ಡ ಚುಕ್ಕಿಗಳಿಂದ ಛಾಯೆ ತೋರಿಸುವ) ಚಿತ್ರವೋ ಕೂದಲೆಳೆಯಂಥ ಗೆರೆಯೋ ಸರಿಯಾಗಿ ಬರದಿದ್ದಾಗ ಹೆಚ್ಚಿನವರು ಮೊದಲು ಬದಲಾಯಿಸುವುದು ಎಕ್ಸ್‌ಪೋಷರ್ ಟೈಮನ್ನು, ಅಂದರೆ ಸ್ಕ್ರೀನ್‌ಗೆ ಬೆಳಕು ಕೊಡುವ ಸಮಯವನ್ನು. ನಾನು ಮೊದಲು ಕೇಳಿಕೊಳ್ಳುವುದು, ಸ್ಕ್ರೀನ್ ಪೂರ್ತಿ ಒಣಗಿತ್ತೇ ಎಂದು. ಸ್ಕ್ರೀನ್‌ಗೆ ಬಳಿಯುವ ಎಮಲ್ಷನ್ ಬೆಳಕು ತಾಗಿದಲ್ಲಿ ಗಟ್ಟಿಯಾಗುತ್ತದೆ, ತಾಗದಲ್ಲಿ ನೀರಿಗೆ ತೊಳೆದುಹೋಗುತ್ತದೆ. ತೇವ ಉಳಿದ ಎಮಲ್ಷನ್‌ಗೆ ಎಷ್ಟು ಬೆಳಕು ಕೊಟ್ಟರೂ ಅದು ಸರಿಯಾಗಿ ಗಟ್ಟಿಯಾಗುವುದಿಲ್ಲ. ವಾಷ್ ಮಾಡುವಾಗ ಚುಕ್ಕಿಗಳು ಕಿತ್ತು ಬರುತ್ತವೆ, ಕಣ್ಣಿಗೆ ಅದು ಬೆಳಕು ಸಾಲದೆ ಆದಂತೆಯೇ ಕಾಣುತ್ತದೆ. ಆಗ ಟೈಮ್ ಹೆಚ್ಚಿಸಿದರೆ ತಿಳಿ ಭಾಗದ ಚುಕ್ಕಿಗಳು ಮುಚ್ಚಿಕೊಳ್ಳುತ್ತವೆ, ಸಮಸ್ಯೆ ಒಂದಿದ್ದದ್ದು ಎರಡಾಗುತ್ತದೆ.

ಮೆಶ್, ಅಂದರೆ ಫ್ರೇಮ್‌ಗೆ ಬಿಗಿದ ಬಲೆಬಟ್ಟೆಯ ಆಯ್ಕೆಯಿಂದ ಶುರು ಮಾಡೋಣ. ಹಾಫ್‌ಟೋನ್‌ನ ಲೈನ್ ಸಂಖ್ಯೆಯ (ಇಂಚಿಗೆ ಎಷ್ಟು ಚುಕ್ಕಿಸಾಲು) ಐದು ಪಟ್ಟಾದರೂ ಮೆಶ್ ಸಂಖ್ಯೆ (ಇಂಚಿಗೆ ಎಷ್ಟು ದಾರ) ಇರಬೇಕು ಎನ್ನುವುದು ನಾನು ಪಾಲಿಸುವ ಲೆಕ್ಕ. 45 ಲೈನ್‌ಗೆ 230 ಮೆಶ್, 55 ಲೈನ್‌ಗೆ 305. ಕಾರಣ ಹೀಗಿದೆ: 55 ಲೈನ್‌ನಲ್ಲಿ 3 ಶೇಕಡಾ ಚುಕ್ಕಿಯ (ತನ್ನ ಜಾಗದ 3 ಶೇಕಡಾ ತುಂಬುವ ಚುಕ್ಕಿಯ) ಅಗಲ ಸುಮಾರು 90 ಮೈಕ್ರಾನ್. 305 ಮೆಶ್‌ನಲ್ಲಿ ಒಂದು ದಾರ, ಅದರ ಪಕ್ಕದ ಒಂದು ಕಿಂಡಿ ಸೇರಿದರೆ ಸುಮಾರು 83 ಮೈಕ್ರಾನ್. ಅಂದರೆ ಚುಕ್ಕಿ ಎಲ್ಲಿ ಬಿದ್ದರೂ ಅದಕ್ಕೆ ಹಿಡಿದುಕೊಳ್ಳಲು ದಾರವೂ ಇದೆ, ಇಂಕ್ ಇಳಿಯಲು ಕಿಂಡಿಯೂ ಇದೆ. ಅದೇ ಚುಕ್ಕಿಯನ್ನು 110 ಮೆಶ್ ಮೇಲೆ ಇಟ್ಟರೆ ಇಡೀ ಚುಕ್ಕಿ ಕಿಂಡಿಯೊಳಗೇ ಬೀಳಬಹುದು, ಗಾಢ ಭಾಗದಲ್ಲಿ ಇಂಕ್ ತಡೆಯಲು ಉಳಿಯಬೇಕಾದ ಎಮಲ್ಷನ್ ಚುಕ್ಕಿಗೆ ಆಧಾರವೇ ಇಲ್ಲದೆ ನೀರಿನೊಂದಿಗೆ ಹೋಗುತ್ತದೆ. ಬಿಳಿ ಮೆಶ್‌ನ ದಾರ ಬೆಳಕನ್ನು ಅಡ್ಡಡ್ಡ ಹರಡುವುದರಿಂದ ಫಿಲ್ಮ್‌ನ (ಚಿತ್ರ ಕಪ್ಪಾಗಿ ಅಚ್ಚಾದ ಪಾರದರ್ಶಕ ಹಾಳೆಯ) ಕಪ್ಪಿನ ಕೆಳಗೂ ಬೆಳಕು ನುಸುಳುತ್ತದೆ. ಹಾಗಾಗಿ ಸೂಕ್ಷ್ಮ ಕೆಲಸಕ್ಕೆ ಹಳದಿ ಮೆಶ್ ಮಾತ್ರ, ಟೈಮ್ ಸ್ವಲ್ಪ ಹೆಚ್ಚು ಬೇಕಾದರೂ ಸರಿ. ಮೆಶ್‌ನ ಬಿಗಿ ಅಳೆಯುವ ಟೆನ್ಷನ್ ಮೀಟರ್ ಸೆಂಟಿಮೀಟರಿಗೆ 20 ನ್ಯೂಟನ್‌ಗಿಂತ ಕಡಿಮೆ ತೋರಿಸಿದ ಸ್ಕ್ರೀನನ್ನು ನಾನು ಹಾಫ್‌ಟೋನ್‌ಗೆ ಬಳಸುವುದಿಲ್ಲ.

ಡೀಗ್ರೀಸರ್ ಹಾಕಿ ಎರಡೂ ಬದಿ ಮೆತ್ತನೆ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ನೀರು ಹನಿಹನಿಯಾಗಿ ನಿಲ್ಲದೆ ಒಂದೇ ಪದರವಾಗಿ ಜಾರಿದರೆ ಜಿಡ್ಡು ಹೋಗಿದೆ ಎಂದರ್ಥ. ಆಮೇಲೆ ಮೆಶ್ ಮೇಲೆ ಬೆರಳು ತಾಗಿಸಬೇಡಿ.

ಎಮಲ್ಷನ್ ಬಳಿಯುವುದು ಹಳದಿ ಬೆಳಕಿನಲ್ಲಿ. 230ರ ಮೇಲಿನ ಮೆಶ್‌ಗೆ ಸ್ಕೂಪ್ ಕೋಟರ್‌ನ (ಎಮಲ್ಷನ್ ಬಳಿಯುವ ಉದ್ದನೆ ತೊಟ್ಟಿಯ) ಚೂಪು ಅಂಚು ಸಾಕು: ಬಟ್ಟೆ ಬದಿಗೆ (ಶರ್ಟ್‌ಗೆ ತಾಗುವ ಬದಿ) ಒಂದು ಸಲ, ಆಮೇಲೆ ಇಂಕ್ ಬದಿಗೆ (ಇಂಕ್ ಹಾಕಿ ಎಳೆಯುವ ಬದಿ) ಒಂದು ಸಲ. ಈ ಕ್ರಮ ತಿರುಗುಮುರುಗು ಆಗಬಾರದು. ಕೊನೆಯ ಎಳೆತ ಎಮಲ್ಷನನ್ನು ಬಟ್ಟೆ ಬದಿಗೆ ತಳ್ಳುತ್ತದೆ, ಸ್ಟೆನ್ಸಿಲ್‌ನ (ಗಟ್ಟಿಯಾಗಿ ಉಳಿಯುವ ಎಮಲ್ಷನ್ ಪದರದ) ದಪ್ಪ ಇರಬೇಕಾದ್ದು ಅಲ್ಲೇ. ಎಮಲ್ಷನ್ ಹೊಸದಾಗಿ ಕಲಸಿದ್ದರೆ ಗುಳ್ಳೆ ಅಡಗಲು ಕೆಲವು ಗಂಟೆ ಬಿಡುತ್ತೇನೆ, ಇಲ್ಲದಿದ್ದರೆ ಪ್ರತಿ ಗುಳ್ಳೆಯೂ ಮುಂದೆ ಒಂದೊಂದು ಪಿನ್‌ಹೋಲ್, ಅಂದರೆ ಇಂಕ್ ಸೋರುವ ಸೂಜಿತೂತು.

ಈಗ ಒಣಗಿಸುವುದು. ಇದರಲ್ಲಿ ಅವಸರ ಮಾಡಿದವರ ಉಳಿದ ಶ್ರಮವೆಲ್ಲ ನೀರಿಗೆ ಹೋಗುತ್ತದೆ. ಸ್ಕ್ರೀನ್ ಸಮತಲವಾಗಿ, ಬಟ್ಟೆ ಬದಿ ಕೆಳಗೆ ಮಾಡಿ ಕತ್ತಲೆಯಲ್ಲಿ ಇಡಬೇಕು. ಗೋಡೆಗೆ ಒರಗಿಸಿದರೆ ಎಮಲ್ಷನ್ ಒಂದು ಅಂಚಿಗೆ ಇಳಿದು ಒಂದೇ ಸ್ಕ್ರೀನಲ್ಲಿ ಎರಡು ದಪ್ಪ ಆಗುತ್ತದೆ. ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಆದರೆ ಬಿಸಿಗಿಂತ ಮುಖ್ಯ ಗಾಳಿಯ ತೇವಾಂಶ. ತೇವದ ಗಾಳಿಯನ್ನೇ ಫ್ಯಾನ್ ತಿರುಗಿಸುತ್ತಿದ್ದರೆ ಏನೂ ಒಣಗುವುದಿಲ್ಲ, ಹಾಗಾಗಿ ಡೀಹ್ಯುಮಿಡಿಫೈಯರ್ ಇಟ್ಟು 40 ಶೇಕಡಾ ಆಸುಪಾಸಿಗೆ ಇಳಿಸುತ್ತೇನೆ. ಮುಟ್ಟಿದರೆ ಅಂಟುತ್ತಿಲ್ಲ ಎಂದ ಮಾತ್ರಕ್ಕೆ ಒಣಗಿದೆ ಎನ್ನಲಾಗದು, ಮೇಲ್ಪದರ ಮೊದಲು ಒಣಗಿ ಒಳಗಿನ ನೀರನ್ನು ಮುಚ್ಚಿಟ್ಟಿರುತ್ತದೆ. ಕೈಯ ಹಿಂಭಾಗವನ್ನು ಮೊದಲು ಫ್ರೇಮ್‌ಗೆ, ಆಮೇಲೆ ಕೋಟಿಂಗ್ ಪಕ್ಕದ ಖಾಲಿ ಮೆಶ್‌ಗೆ, ಕೊನೆಗೆ ಎಮಲ್ಷನ್‌ಗೆ ತಾಗಿಸಿ. ಎಮಲ್ಷನ್ ತಣ್ಣಗಿದ್ದರೆ ಇನ್ನೂ ನೀರು ಆರುತ್ತಿದೆ. ರಾತ್ರಿಯಿಡೀ ಬಿಡುವುದು ನನ್ನ ರೂಢಿ.

ಫಿಲ್ಮ್‌ನ ಇಂಕ್ ಇರುವ ಮುಖ ನೇರವಾಗಿ ಎಮಲ್ಷನ್‌ಗೆ ತಾಗಬೇಕು. ಮಧ್ಯೆ ಫಿಲ್ಮ್‌ನ ದಪ್ಪ ಬಂದರೆ ಆ ಸಂದಿಯಲ್ಲೇ ಬೆಳಕು ನುಗ್ಗುತ್ತದೆ. ಗಾಳಿ ಹೀರಿ ಎರಡನ್ನೂ ಒತ್ತಿಹಿಡಿಯುವ ವ್ಯಾಕ್ಯೂಮ್ ಟೇಬಲ್ ಇದ್ದರೆ ಉತ್ತಮ. ಟ್ಯೂಬ್‌ಲೈಟ್ ಯೂನಿಟ್‌ನಲ್ಲಿ ಬೆಳಕು ನಾನಾ ದಿಕ್ಕಿನಿಂದ ಬರುವುದರಿಂದ ಚುಕ್ಕಿ ಇನ್ನಷ್ಟು ಕುಗ್ಗುತ್ತದೆ, ಒಂದೇ ಬಿಂದುವಿನಿಂದ ಬರುವ ಬೆಳಕೇ ಸೂಕ್ಷ್ಮ ಕೆಲಸಕ್ಕೆ ಒಳ್ಳೆಯದು.

ಟೈಮ್ ಊಹಿಸಬೇಡಿ. 3, 5, 10ರಿಂದ 97 ಶೇಕಡಾವರೆಗಿನ ಚುಕ್ಕಿ ಇರುವ ಪಟ್ಟಿಯನ್ನೇ ಹಲವು ಸಲ ಒಂದೇ ಫಿಲ್ಮ್‌ನಲ್ಲಿ ಪ್ರಿಂಟ್ ಮಾಡಿ, ಕಪ್ಪು ಕಾರ್ಡ್ ಸರಿಸುತ್ತಾ 30, 40, 50 ಸೆಕೆಂಡ್ ಎಂದು ಮೆಟ್ಟಿಲು ಮಾಡಿ. ಇಂಕ್ ಬದಿ ಜಾರುಜಾರಾಗಿಲ್ಲದ, 5 ಶೇಕಡಾ ಚುಕ್ಕಿ ತೆರೆದೇ ಇರುವ ಮೆಟ್ಟಿಲು ನಿಮ್ಮದು. ಎರಡೂ ಗುಣ ಒಂದೇ ಮೆಟ್ಟಿಲಲ್ಲಿ ಸಿಗದಿದ್ದರೆ ತಪ್ಪು ಟೈಮಿನದಲ್ಲ: ಕೋಟಿಂಗ್ ದಪ್ಪವಾಗಿದೆ, ಫಿಲ್ಮ್‌ನ ಕಪ್ಪು ಸಾಲದು, ಇಲ್ಲವೇ ಸ್ಕ್ರೀನ್ ಒಣಗಿಲ್ಲ.

ವಾಷ್‌ಗೆ ಮೊದಲು ಎರಡೂ ಬದಿ ನೆನೆಸಿ ಒಂದು ನಿಮಿಷ ಬಿಡಿ. ಆಮೇಲೆ ಬಟ್ಟೆ ಬದಿಯಿಂದ ಮೆಲ್ಲನೆ ಸ್ಪ್ರೇ. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ಗಾಢ ಭಾಗದ ಚುಕ್ಕಿ ಹಾರಿಹೋಗುತ್ತದೆ. ಕೊನೆಯಲ್ಲಿ ಇಂಕ್ ಬದಿಯನ್ನೂ ತೊಳೆದು, ತಕ್ಷಣ ಎರಡೂ ಬದಿಗೆ ಬರಿ ನ್ಯೂಸ್‌ಪ್ರಿಂಟ್ ಒತ್ತಿ ನೀರು ಹೀರಿಸಿ. ಇಲ್ಲದಿದ್ದರೆ ಕರಗಿದ ಎಮಲ್ಷನ್‌ನ ತೆಳು ಪೊರೆ ಕಿಂಡಿಯಲ್ಲೇ ಒಣಗಿ ಕೂರುತ್ತದೆ. ಬರಿಗಣ್ಣಿಗೆ ಅದು ಕಾಣುವುದಿಲ್ಲ, ಲೂಪ್ (ಸಣ್ಣ ಭೂತಗನ್ನಡಿ) ಇಟ್ಟು ಬೆಳಕಿಗೆ ಹಿಡಿದರೆ ತೆರೆದ ಕಿಂಡಿಗಳ ನಡುವೆ ಮಂಜು ಕವಿದಂಥ ಕಿಂಡಿಗಳು ಕಾಣುತ್ತವೆ. ಒಣಗಿದ ಮೇಲೆ ಅವು ನೀರಿಗೆ ಬಗ್ಗುವುದು ಕಷ್ಟ.

ಒಣಗಿದ ಸ್ಕ್ರೀನನ್ನು ಫಿಲ್ಮ್ ಇಲ್ಲದೆ ಇಂಕ್ ಬದಿಯಿಂದ ಇನ್ನೊಮ್ಮೆ ಎಕ್ಸ್‌ಪೋಸ್ ಮಾಡಿ, ಪಿನ್‌ಹೋಲ್‌ಗೆ ಅದನ್ನು ಮುಚ್ಚುವ ಬ್ಲಾಕ್‌ಔಟ್ ದ್ರವ ಹಚ್ಚಿ, ಅಂಚಿಗೆ ಟೇಪ್ ಹಾಕಿ. ವಾಟರ್‌ಬೇಸ್ ಇಂಕ್ ಆದರೆ ನೀರು ತಡೆಯುವ ಎಮಲ್ಷನ್‌ನಿಂದಲೇ ಶುರು ಮಾಡಿರಬೇಕು.