ಎರಡು ಬುಲ್‌ಪಪ್, ಒಂದು ವರ್ಷ, ಕೊನೆಗೆ ಉಳಿದಿದ್ದು ಗಿಡ್ಡಂದು: ನನ್ನ ಅನುಭವ

ಬುಲ್‌ಪಪ್ ಏರ್ ರೈಫಲ್‌ನಲ್ಲಿ (ಟ್ರಿಗರ್ ಮುಂದೆ, ಹೊಡೆಯೋ ಭಾಗ ಎಲ್ಲ ಹಿಂದೆ ಹಿಡಿಯೊಳಗೆ ಇರೋದು) ಗ್ರೂಪ್ ಬರಲ್ಲ, ಅಂದ್ರೆ ಏಟೆಲ್ಲ ಒಂದೇ ಜಾಗಕ್ಕೆ ಬೀಳಲ್ಲ ಅಂದೋರಿಗೆಲ್ಲ ಈಗ ಪೇಪರ್ ಹಿಡಿದು ತೋರಿಸ್ತಾ ಇದೀನಿ. 25 ಮೀಟರಲ್ಲಿ ಐದು ಪೆಲೆಟ್ (ಸೀಸದ ಚಿಕ್ಕ ಗುಂಡು), ಮೇಲೆ ಒಂದು ರೂಪಾಯಿ ಇಟ್ರೆ ಒಂದು ತೂತೂ ಕಾಣಲ್ಲ. ಯಾವತ್ತೋ ಒಂದಿನ ಬಿದ್ದಿದ್ದಲ್ಲ, ಗಾಳಿ ಇಲ್ಲದ ಬೆಳಿಗ್ಗೆ ಯಾವಾಗ ಕೂತ್ರೂ ಬರುತ್ತೆ.

ನಮ್ಮದು ಆಲ್ದೂರು ಕಡೆ ತೋಟ. ಇಲ್ಲಿ ಕೋವಿ ಅಂದ್ರೆ 12 ಬೋರು, ಉದ್ದ ನಳಿಗೆ, ಮರದ ಹಿಡಿ, ಅಷ್ಟೇ ಲೆಕ್ಕ. ಬುಲ್‌ಪಪ್ ಏರ್ ರೈಫಲ್ ಮನೆಗೆ ತಂದಾಗ ಪಕ್ಕದ ತೋಟದೋರು ಕೈಯಲ್ಲಿ ತಿರುಗಿಸಿ ನೋಡಿ "ಇದೆಂಥ ಮಾರಾಯ, ಬಾಕಿ ಅರ್ಧ ಎಲ್ಲಿ ಬಿಟ್ಟು ಬಂದೆ?" ಅಂದ್ರು. ನಮ್ಮ ಪ್ಯಾರಾ ಕಮಾಂಡೋಗಳ ತವೋರ್ ಕೂಡ ಬುಲ್‌ಪಪ್ಪೇ, ಆಸ್ಟ್ರಿಯಾದೋರು 1977ರಿಂದ ಸ್ಟೈಯರ್ ಆಗ್ (AUG) ರೈಫಲ್ ಇಟ್ಕೊಂಡಿದಾರೆ ಅಂದೆ, ಅವರು ತಲೆಗೆ ಹಾಕ್ಕೊಳ್ಳಲಿಲ್ಲ.

ನಾನೂ ನಮ್ಮ ಭಾವನೂ ಸೇರಿ ಎರಡು ಬುಲ್‌ಪಪ್ ಪಿಸಿಪಿ (ಸಿಲಿಂಡರಲ್ಲಿ ಮೊದಲೇ ಒತ್ತಿ ತುಂಬಿಸಿದ ಗಾಳೀಲಿ ಹೊಡೆಯೋ ಏರ್ ರೈಫಲ್) ತಗೊಂಡ್ವಿ, ಒಂದು ವರ್ಷ ಎರಡನ್ನೂ ಹೊಡೆದು ನೋಡೋದು, ಸೋತಿದ್ದನ್ನ ಮಾರೋದು ಅಂತ ಮಾತಾಗಿತ್ತು. ಕಂಪನಿ ಹೆಸರು ಬೇಡ, ಉದ್ದಂದು ಗಿಡ್ಡಂದು ಅಂತಲೇ ಕರೀತೀನಿ. ಉದ್ದಂದು 90 ಸೆಂಟಿಮೀಟರ್ ಮೇಲೆ, ಸ್ಕೋಪ್ ಸೇರಿ ನಾಲ್ಕೂವರೆ ಕೆಜಿ ಹತ್ರ, ದೊಡ್ಡ ಸಿಲಿಂಡರ್, ಪ್ರತಿ ಏಟಿಗೂ ಒಂದೇ ಒತ್ತಡ ಕೊಡೋ ರೆಗ್ಯುಲೇಟರ್ ಇಲ್ಲ, 60 ಸಾವಿರ ಚಿಲ್ಲರೆ. ಗಿಡ್ಡಂದು 75ರ ಆಸುಪಾಸು, ಒಂದು ಕೆಜಿ ಹಗುರ, ರೆಗ್ಯುಲೇಟರ್ ಇದೆ, 55 ಸಾವಿರದ ಒಳಗೆ. ಭಾವಂದು ಉದ್ದಂದರ ಪಕ್ಷ, ನಳಿಗೆ ಉದ್ದ ಇದ್ರೆ ಪವರ್ ಜಾಸ್ತಿ, ಗಾಳಿ ಜಾಸ್ತಿ ಹಿಡಿಯುತ್ತೆ, ಇನ್ನೇನು ಬೇಕು ಅಂತ. ಊರಲ್ಲಿ ಎಲ್ಲರೂ ಅವರ ಕಡೆನೇ.

ಪವರ್ ಲೆಕ್ಕ ಮಾತ್ರ ನಾನು ಮೊದಲ ದಿನವೇ ಮುಗಿಸಿಬಿಟ್ಟೆ. ಲೈಸೆನ್ಸ್ ಇಲ್ದೆ ಇಟ್ಕೋಬೇಕು ಅಂದ್ರೆ 2016ರ ಆರ್ಮ್ಸ್ ರೂಲ್ಸ್ ಪ್ರಕಾರ 4.5 ಎಂಎಂ ಬೋರು, 20 ಜೂಲ್ ದಾಟಬಾರದು. 8.44 ಗ್ರೇನ್ ತೂಕದ ಪೆಲೆಟ್ 885 ಎಫ್‌ಪಿಎಸ್ (ಸೆಕೆಂಡಿಗೆ ಇಷ್ಟು ಅಡಿ) ಹತ್ರ ಹೋದ್ರೆ 20 ಜೂಲ್ ಆಯ್ತು, 10.34 ಗ್ರೇನ್ ಹಾಕಿದ್ರೆ 800ಕ್ಕೇ ಆಯ್ತು. ಅಲ್ಲಿಗೆ ಗಿಡ್ಡಂದೂ ಮುಟ್ಟುತ್ತೆ. ಮತ್ತೆ ಆ ಉದ್ದ ನಳಿಗೆ ಹೊತ್ಕೊಂಡು ತಿರುಗೋದು ಯಾವ ಸಂಪತ್ತಿಗೆ? ಈಗ ನನ್ನದು 8.44 ಗ್ರೇನಲ್ಲಿ 850ರ ಸುತ್ತ ಇದೆ, 18 ಜೂಲ್ ಚಿಲ್ಲರೆ, ಸಾಕು.

ನಿಜವಾದ ತಾಪತ್ರಯ ಶುರುವಾಗಿದ್ದು ಉದ್ದಂದರ ಗಾಳಿಲಿ. 200 ಬಾರ್ ಒತ್ತಡಕ್ಕೆ ತುಂಬಿಸಿ ಕ್ರೋನೋ (ಪೆಲೆಟ್ ವೇಗ ಅಳೆಯೋದು) ಇಟ್ರೆ ಮೊದಲನೇದು 790, ಹೊಡೀತಾ ಹೊಡೀತಾ ಏರಿ 150 ಬಾರ್ ಹತ್ರ 860, ಆಮೇಲೆ ಮತ್ತೆ ಇಳಿಯೋದು. ಬೆಂಚಲ್ಲಿ ಕೂತೋರಿಗೆ ಗೊತ್ತು ಇದರ ಅರ್ಥ, 25 ಮೀಟರಲ್ಲೇ ಮೇಲೆ ಕೆಳಗೆ ಒಂದು ಸೆಂಟಿಮೀಟರ್ ಹತ್ರ ವ್ಯತ್ಯಾಸ, ನೀವು ಎಷ್ಟೇ ಉಸಿರು ಹಿಡಿದು ಹೊಡೀರಿ. ಹಂಗಾಗಿ 170ಕ್ಕೆ ತುಂಬಿಸಿ 130ಕ್ಕೆ ನಿಲ್ಸೋದು ಅಂತ ಮಾಡ್ಕೊಂಡ್ವಿ, ಚೆನ್ನಾಗೇ ಬಂತು, ಆದ್ರೆ 20 ಏಟಿಗೆ ಮತ್ತೆ ಪಂಪ್. ದೊಡ್ಡ ಸಿಲಿಂಡರ್ ಇರೋದ್ರಿಂದ 40 ಬಾರ್ ಏರಿಸೋಕೆ ನೂರರ ಮೇಲೆ ಒತ್ತಬೇಕು. ಭಾವ ಎರಡು ವಾರದಲ್ಲಿ ಪಂಪ್ ಮುಟ್ಟೋದು ಬಿಟ್ರು, ಆ ಕೆಲಸ ನನ್ನ ತಲೆಗೆ ಬಂತು.

ಪಂಪ್ ವಿಷಯ ಬಂತು, ದುಡ್ಡು ಹೋಗಿದ್ದು ಇಲ್ಲೇ. ಮೂರು ಸ್ಟೇಜ್ ಹ್ಯಾಂಡ್‌ಪಂಪ್, 11 ಸಾವಿರದ ಹತ್ರ. ಜುಲೈ ತಿಂಗಳು ನಮ್ಮ ಕಡೆ ಹೆಂಗಿರುತ್ತೆ ಗೊತ್ತಲ್ಲ, ಗೋಡೆನೇ ನೀರು ಬಿಡುತ್ತೆ. ಆ ಗಾಳಿನ ಒತ್ತಿ ತುಂಬಿಸಿದ್ರೆ ನೀರೂ ಜೊತೆಗೆ ಹೋಗುತ್ತೆ. ಸಿಲಿಂಡರ್ ಬಿಚ್ಚಿಸಿದಾಗ ಒಳಗೆ ಬಿಳಿ ಪುಡಿ ಕಟ್ಟಿತ್ತು. ಪಂಪಿನ ಓ-ರಿಂಗ್ (ಗಾಳಿ ಸೋರದಂಗೆ ತಡೆಯೋ ರಬ್ಬರ್ ಬಳೆ) ಹೋಯ್ತು, ಕಿಟ್ 1,200 ಕೊಟ್ಟು ತರಿಸಿದ್ರೆ ಬೇರೆ ಅಳತೆದು ಕಳಿಸಿದ್ರು, ವಾಪಸ್ ಕಳಿಸಿ ಇನ್ನೊಂದು ಬರೋ ಹೊತ್ತಿಗೆ ಮಳೆಗಾಲನೇ ಮುಗೀತು. ಆಮೇಲೆ ಪಂಪಿನ ಗಾಳಿ ಎಳೆಯೋ ಬಾಯಿಗೆ ಸಿಲಿಕಾ ಜೆಲ್ ಡಬ್ಬಿ ಕಟ್ಟಿದೀನಿ, ಹರಳು ಬಣ್ಣ ತಿರುಗಿದ ತಕ್ಷಣ ಕಾಫಿ ಹುರಿಯೋ ಬಾಂಡ್ಲೀಲಿ ಒಣಗಿಸ್ತೀನಿ (ಆ ಬಾಂಡ್ಲಿ ಈಗ ಅಡುಗೆಮನೆಗೆ ಹೋಗಲ್ಲ). ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ, ಗಾಳಿ ಹೋಗೋ ಜಾಗಕ್ಕೆ ಎಣ್ಣೆ ಮುಟ್ಟಿಸ್ಬೇಡಿ. ಕೊಬ್ಬರಿ ಎಣ್ಣೆನೂ ಇಲ್ಲ, ಮಿಷನ್ ಎಣ್ಣೆನೂ ಇಲ್ಲ. ಅಷ್ಟು ಒತ್ತಡದಲ್ಲಿ ಗಾಳಿ ಕಾದು ಎಣ್ಣೆ ಹತ್ಕೊಂಡ್ರೆ ಪಂಪೇ ಸಿಡಿಯುತ್ತೆ. ಸಿಲಿಕೋನ್ ಗ್ರೀಸ್ ಮಾತ್ರ, ಅದೂ ಬೆರಳ ತುದಿಯಷ್ಟು.

ಗಿಡ್ಡಂದು ಸಿಲಿಂಡರ್ ಚಿಕ್ಕದು, ಬೇಗ ತುಂಬುತ್ತೆ, ರೆಗ್ಯುಲೇಟರ್ ಇರೋದ್ರಿಂದ ಸುಮಾರು 45 ಏಟು ಎಲ್ಲಾ 10 ಎಫ್‌ಪಿಎಸ್ ಒಳಗೆ. ಆದ್ರೆ ಟ್ರಿಗರ್ ಮಾತ್ರ ನಾದಿದ ಹಿಟ್ಟು ಒತ್ತಿದ ಹಂಗೆ. ಬುಲ್‌ಪಪ್‌ನಲ್ಲಿ ಟ್ರಿಗರ್ ಮುಂದೆ, ಸಿಯರ್ (ಸುತ್ತಿಗೆನ ಹಿಡಿದಿಟ್ಟು ಬಿಡೋ ಕೊಕ್ಕೆ) ಹಿಂದೆ ಕೆನ್ನೆ ಕೆಳಗೆ, ನಡುವೆ ಉದ್ದ ಕಡ್ಡಿ, ಅದು ಬಾಗುತ್ತೆ, ಪಿನ್ನಿನ ಹತ್ರ ಆಡುತ್ತೆ, ಎಲ್ಲಿ ಬಿಡುತ್ತೆ ಅಂತ ಬೆರಳಿಗೆ ಗೊತ್ತಾಗಲ್ಲ. ಎಲ್ಲರೂ ಬುಲ್‌ಪಪ್ ಬೇಡ ಅನ್ನೋದು ಇದಕ್ಕೇ. ನಾನು ಎರಡು ಕೆಲಸ ಮಾಡ್ದೆ. ಒಂದು, ಎರಡೂ ತುದಿ ಪಿನ್ನಿಗೆ ಸಂದು ತುಂಬೋಕೆ ತೆಳು ಹಿತ್ತಾಳೆ ಶಿಮ್ ಹಾಕಿ ಆಟ ತೆಗೆದೆ. ಇನ್ನೊಂದು ಆ ಕಡ್ಡಿಗೇ ಮಾಡಿದ್ದು, ಅದು ನನ್ನ ಹತ್ರನೇ ಇರ್ಲಿ, ಚಿಕ್ಕಮಗಳೂರಿನ ಲೇತ್ ಹುಡುಗನಿಗೂ ಯಾರಿಗೂ ಹೇಳ್ಬೇಡ ಅಂದಿದೀನಿ. ಆಮೇಲೆ ಪೆಲೆಟ್ ಹಾಕದೆ ಕಾಕ್ ಮಾಡಿ (ಹೊಡೆಯೋಕೆ ಸಿದ್ಧ ಮಾಡಿ) ರೈಫಲ್ಲಿನ ಹಿಂದಿನ ತುದಿನ ರಬ್ಬರ್ ಮ್ಯಾಟ್ ಮೇಲೆ ಚೆನ್ನಾಗಿ ಕುಟ್ಟಿ ನೋಡ್ಲೇಬೇಕು, ತಾನಾಗೇ ಹೊಡ್ಕೋಬಾರದು. ಈಗಲೂ ಗಾಜಿನ ಕಡ್ಡಿ ಮುರಿದ ಹಂಗೆ ಟಕ್ ಅಂತ ಬಿಡಲ್ಲ, ಆದ್ರೆ ಎಲ್ಲಿ ಬಿಡುತ್ತೆ ಅಂತ ಪ್ರತಿ ಸಲ ಗೊತ್ತಾಗುತ್ತೆ, ನನಗೆ ಅಷ್ಟೇ ಬೇಕಿತ್ತು.

ಇನ್ನೊಂದು ಯಾರೂ ಹೇಳದೇ ಇರೋದು ಸ್ಕೋಪ್ ಎತ್ತರ. ಬುಲ್‌ಪಪ್‌ನಲ್ಲಿ ನಳಿಗೆಯಿಂದ ಸ್ಕೋಪ್ ನಡುವಿಗೆ ಏಳೂವರೆ ಸೆಂಟಿಮೀಟರ್ ಹತ್ರ ಬರುತ್ತೆ. 30 ಮೀಟರಿಗೆ ಝೀರೋ ಮಾಡಿ (ಅಲ್ಲಿ ಗುರಿಗೇ ಬೀಳೋ ಹಂಗೆ ಸ್ಕೋಪ್ ಹೊಂದಿಸಿ) 10 ಮೀಟರಲ್ಲಿ ಹೊಡೆದ್ರೆ 3 ಸೆಂಟಿಮೀಟರ್ ಕೆಳಗೆ ಬೀಳುತ್ತೆ. ಮಾಮೂಲಿ ರೈಫಲ್ಲಲ್ಲಿ ಒಂದು ಸೆಂಟಿಮೀಟರ್ ಆಸುಪಾಸು ಅಷ್ಟೇ. ಭಾವ ಇದನ್ನ ನೋಡಿ ನಳಿಗೆನೇ ಸೊಟ್ಟ ಅಂತ ವಾಪಸ್ ಕಳಿಸೋಕೆ ಹೊರಟಿದ್ರು. ಎತ್ತರ ಇರೋದ್ರಿಂದ ರೈಫಲ್ ಸ್ವಲ್ಪ ವಾಲಿದ್ರೂ ಪಕ್ಕಕ್ಕೆ ಹೋಗುತ್ತೆ, ವಾಲಿದ್ದನ್ನ ತೋರಿಸೋ 400 ರೂಪಾಯಿ ಬಬಲ್ ಲೆವೆಲ್ ಹಾಕಿ, ಇಷ್ಟು ಕಮ್ಮಿ ದುಡ್ಡಿಗೆ ಇಷ್ಟು ಲಾಭ ಬೇರೆ ಯಾವುದ್ರಲ್ಲೂ ನನಗೆ ಸಿಕ್ಕಿಲ್ಲ.

ಈ ನಡುವೆ ಪೆಲೆಟ್ಟನ್ನ ಒಂದೊಂದಾಗಿ ಚಿನ್ನ ತೂಗೋ ತಕ್ಕಡೀಲಿ ತೂಗಿ ವಿಂಗಡಿಸಿದ್ದೂ ಆಯ್ತು. 500ರ ಡಬ್ಬಿ, ಎರಡು ಸಂಜೆ ಹೋಯ್ತು. 25 ಮೀಟರಲ್ಲಿ ಏನೂ ವ್ಯತ್ಯಾಸ ಇಲ್ಲ. ಅದ್ರ ಬದಲು ಹಿಂದಿನ ಅಂಚು ನೆಗ್ಗಿರೋದನ್ನ ಆರಿಸಿ ಬಿಸಾಕಿ, ದೂರ ಬೀಳೋ ಒಂದೊಂದು ತೂತು ಅದರಿಂದಲೇ ಬರೋದು. ಗುರಿ ಹಿಂದೆ ಪೆಲೆಟ್ ತಡೆಯೋ ಬ್ಯಾಕ್‌ಸ್ಟಾಪಿಗೆ ಮೊದಲು ಕಾಫಿ ಹೊಟ್ಟಿನ ಮೂಟೆ ಇಟ್ಟಿದ್ದೆ, ಒಂದೇ ಜಾಗಕ್ಕೆ ಬಿದ್ದು ಬಿದ್ದು ಸುರಂಗ ಆಗಿ ಪೆಲೆಟ್ ಮೂಟೆ ದಾಟಿ ಹಿಂದಕ್ಕೆ ಹೋಗೋಕೆ ಶುರುವಾಯ್ತು. ಈಗ ಮರಳು ಮೂಟೆ, ಅದರ ಹಿಂದೆ ದರೆ, ಕೆಳಗೆ ತಗಡಿನ ತಟ್ಟೆ. ಕಾಫಿ ಒಣಗಿಸೋ ಕಣದ ಕಡೆ ಹೊಡೆಯೋದೇ ಇಲ್ಲ, ಸೀಸ ಬೀಳಬಾರದು. ಮಂಗ ಓಡಿಸೋಕೆ ಕೊಡು ಅಂತ ಕೇಳ್ಕೊಂಡು ಬರ್ತಾರೆ, ಯಾರಿಗೂ ಕೊಡಲ್ಲ, ಪೇಪರ್ ಮತ್ತೆ ಬಾಟಲ್ ಮುಚ್ಚಳ ಬಿಟ್ರೆ ಜೀವ ಇರೋದಕ್ಕೆ ಇದನ್ನ ತಿರುಗಿಸಲ್ಲ.

ಎರಡರಲ್ಲಿ ಯಾವುದು ಅಂತ ಕೇಳೋರಿಗೆ ನನ್ನ ದಾರಿ ಇಷ್ಟೇ, ಅಂಗಡೀಲಿ ನಳಿಗೆ ಅಳೀಬೇಡಿ. ಸ್ಕೋಪ್ ಹಾಕಿಸಿ, ಖಾಲಿ ಇದೆ ಅಂತ ನೋಡ್ಕೊಂಡು, ಕಣ್ಣು ಮುಚ್ಚಿ ಹೆಗಲಿಗೆ ಏರಿಸಿ, ಕೆನ್ನೆ ಊರಿ, ಕಣ್ಣು ಬಿಡಿ. ಸ್ಕೋಪ್ ಒಳಗೆ ಒಂದು ಕಡೆ ಕಪ್ಪು ಕಂಡ್ರೆ ಆ ರೈಫಲ್ ನಿಮ್ಮದಲ್ಲ. ನಾನು ಹಂಗೆ ಮಾಡಿದಾಗ ಅಂಗಡಿಯವನು ನಕ್ಕ. ಉದ್ದಂದ್ರಲ್ಲಿ ಪ್ರತಿ ಸಲ ಕಪ್ಪು, ಗಿಡ್ಡಂದ್ರಲ್ಲಿ ಪೂರ್ತಿ ಬೆಳಕು. ವರ್ಷ ಪೂರ್ತಿ ಪೇಪರ್ ಹೇಳಿದ್ದೂ ಅದನ್ನೇ, ಒಂದೇ ಪೆಲೆಟ್ ಒಂದೇ ಬೆಂಚು, ಉದ್ದಂದರ ಗ್ರೂಪ್ 25 ಮೀಟರಲ್ಲಿ 22-25 ಎಂಎಂ, ಗಿಡ್ಡಂದು 12-14.

ಉದ್ದಂದು ಕಳೆದ ತಿಂಗಳು 41 ಸಾವಿರಕ್ಕೆ ಸಕಲೇಶಪುರದ ಕಡೆಯವರೊಬ್ಬರಿಗೆ ಹೋಯ್ತು, ಗಾಳಿ ವಿಷಯ, 170-130 ಲೆಕ್ಕ ಎಲ್ಲ ಬರೆದೇ ಕೊಟ್ಟೆ, ಅವರ ಹತ್ರ ಕಂಪ್ರೆಸರ್ ಇದೆ, ಅವರಿಗೆ ಸರಿಹೋಗುತ್ತೆ. ಭಾವ ಈಗ ಭಾನುವಾರ ಬೆಳಿಗ್ಗೆನೇ ಬಂದು ಗಿಡ್ಡಂದು ಎಲ್ಲಿ ಅಂತಾರೆ, ಆ 41ರಲ್ಲಿ ಅವರ ಪಾಲಿಗೆ ಅಂಥದ್ದೇ ಇನ್ನೊಂದು ಹುಡುಕ್ತಾ ಇದೀವಿ.