ತೂಬಿನ ಕಲ್ಲಿನ ಬಳಿ ನಾಲ್ಕು ಶಾಸ್ತ್ರಗಳು

ಕೋಲಾರ ಸೀಮೆಯ ಕೆರೆಗಳ ಮೇಲೆ ಸಂಶೋಧನೆಗೆ ಇಳಿದಾಗ ನನ್ನ ಕೈಯಲ್ಲಿ ಸಿವಿಲ್ ಎಂಜಿನಿಯರಿಂಗ್ ಪದವಿಯಿತ್ತು, ತಲೆಯಲ್ಲಿ ಒಂದು ಪ್ರಶ್ನೆಯಿತ್ತು. ಒಂದರ ಕೋಡಿ ನೀರು ಇನ್ನೊಂದಕ್ಕೆ ಹರಿಯುವ ಕೆರೆ ಸರಣಿಯಲ್ಲಿ ಮೇಲಿನ ಕೆರೆ ಕೋಡಿ ಹರಿದ ವರ್ಷವೂ ಕೆಳಗಿನ ಕೆರೆ ಏಕೆ ತುಂಬುವುದಿಲ್ಲ? ವರ್ಷವಿಡೀ ಹರಿಯುವ ನದಿ ಇಲ್ಲದ, ಸುಮಾರು 700 ಮಿಲಿಮೀಟರ್ ಮಳೆಯನ್ನೇ ನಂಬಿದ ನಾಡಿನಲ್ಲಿ ಇದು ಅನ್ನದ ಪ್ರಶ್ನೆ.

ಮಳೆಯ ಅಂಕಿಗಳನ್ನು ಹಿಡಿದು ಕೂತರೆ ಉತ್ತರ ಅರ್ಧಕ್ಕೇ ನಿಲ್ಲುತ್ತಿತ್ತು. ಕಾಲುವೆ ಯಾರ ಹೊಲದ ಪಾಲಾಯಿತು ಎಂದು ತಿಳಿಯಲು ಕಂದಾಯ ನಕಾಶೆ ಬೇಕು. ಕೆರೆಯನ್ನು ಯಾವ ಕರಾರಿನ ಮೇಲೆ ಕಟ್ಟಿದರು ಎಂದು ತಿಳಿಯಲು ಶಾಸನ ಬೇಕು. ನೀರು ಹಂಚುತ್ತಿದ್ದ ಕ್ರಮ ತಿಳಿಯಲು ನೀರುಗಂಟಿಯ ಮನೆಯ ಜಗಲಿಯ ಮೇಲೆ ಕೂರಬೇಕು. ಅಂತರಶಿಸ್ತೀಯ ಸಂಶೋಧನೆ ಎಂಬ ಹೆಸರಿನಲ್ಲಿ ಹಲವರು ಮೊದಲು ಶಾಸ್ತ್ರಗಳನ್ನು ಕಲೆಹಾಕುತ್ತಾರೆ, ಆಮೇಲೆ ಅವುಗಳಿಗೆ ಒಂದು ವಿಷಯ ಹುಡುಕುತ್ತಾರೆ. ನಾನು ಒಂದು ಜಾಗವನ್ನು ಆರಿಸಿಕೊಂಡೆ: ಮುಳಬಾಗಿಲು ಕಡೆಯ ಒಂದು ಕೆರೆ ಸರಣಿ, ಅದರಲ್ಲೂ ಮಧ್ಯದ ಕೆರೆಯ ತೂಬು, ಅಂದರೆ ಗದ್ದೆಗೆ ನೀರು ಬಿಡುವ ಬಾಯಿ. ಎಲ್ಲ ಶಾಸ್ತ್ರಗಳಿಗೂ ಪ್ರಶ್ನೆ ಕೇಳಿದ್ದು ಅಲ್ಲಿ ನಿಂತೇ.

ಶಾಸನಗಳಿಂದ ಆರಂಭಿಸಿದೆ. ಬಿ. ಎಲ್. ರೈಸ್ ಸಂಪಾದಿಸಿದ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯದು, 1905ರಲ್ಲಿ ಪ್ರಕಟವಾದದ್ದು. ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಕೊಟ್ಟಿರುವುದರಿಂದ ಊರು ಗೊತ್ತಿದ್ದರೆ ಹುಡುಕುವುದು ಸುಲಭ. ಆದರೆ ಅನುವಾದವನ್ನಷ್ಟೇ ನೆಚ್ಚಿ ಕೂರಬಾರದು, ಮೂಲಪಾಠವನ್ನು ಓದಲೇಬೇಕು. ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಮಾತುಗಳು ಬರುವ ಕಡೆಯೆಲ್ಲ ಕೆರೆಯ ಹಣಕಾಸಿನ ವ್ಯವಸ್ಥೆ ಅಡಗಿರುತ್ತದೆ. ಕಟ್ಟಿಸಿದವನಿಗೆ, ದುರಸ್ತಿಯ ಹೊಣೆ ಹೊತ್ತವನಿಗೆ ಅದೇ ಕೆರೆಯ ಕೆಳಗಿನ ಗದ್ದೆಯಲ್ಲಿ ಪಾಲು. ಏರಿ ಒಡೆದರೆ ಮೊದಲು ನಷ್ಟವಾಗುವುದು ಅವನಿಗೇ! ಚೋಳರ ಕಾಲದ ತಮಿಳು ಶಾಸನಗಳು ಈ ಜಿಲ್ಲೆಯಲ್ಲಿ ಹೇರಳವಾಗಿವೆ, ತೆಲುಗಿನವೂ ಇವೆ. ಅವುಗಳಿಗೆ ಬಲ್ಲವರ ನೆರವು ಪಡೆದೆ. ಮಣ್ಣು ಹೊತ್ತವರು ಯಾರು ಎಂದು ಮಾತ್ರ ಶಾಸನ ಹೇಳುವುದು ಅಪರೂಪ. ಆ ಮೌನವನ್ನೂ ಟಿಪ್ಪಣಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ.

ಇಡೀ ಕೆಲಸದ ತಿರುಳು ಸಿಕ್ಕಿದ್ದು ನೀರುಗಂಟಿಯ ಜೊತೆ ಏರಿಯ ಮೇಲೆ ನಡೆಯುವಾಗ. ಹಳೆಯ ತೂಬು ಎಂದರೆ ಎರಡು ಕಲ್ಲುಕಂಬ, ನಡುವೆ ಅಡ್ಡಹಲಗೆಗಳು, ಕೆಳಗೆ ರಂಧ್ರ, ಅದನ್ನು ಮುಚ್ಚುವ ಮರದ ಗೂಟ. ಆ ಹಿರಿಯರು ಅಡ್ಡಹಲಗೆಗಳನ್ನು ತೋರಿಸಿ, ‘ನೀರು ಈ ಕಲ್ಲಿಗೆ ಬಂದರೆ ಅಚ್ಚುಕಟ್ಟಿಗೆಲ್ಲ ಭತ್ತ. ಅದರ ಕೆಳಗಿನದಕ್ಕೆ ನಿಂತರೆ ರಾಗಿ. ಇನ್ನೂ ಕೆಳಗಾದರೆ ದಾಮಾಷಾ’ ಎಂದರು. ದಾಮಾಷಾ ಎಂದರೆ ನೀರು ಕಡಿಮೆಯಾದ ವರ್ಷ ತೂಬಿಗೆ ಹತ್ತಿರದ ಗದ್ದೆಗಳನ್ನಷ್ಟೇ ನಾಟಿಗೆ ತೆಗೆದುಕೊಂಡು, ದೂರದ ಗದ್ದೆಯವರಿಗೂ ಅಲ್ಲಿಯೇ ಅವರವರ ಹಿಡುವಳಿಗೆ ತಕ್ಕ ಪಾಲು ಕೊಡುವ ಏರ್ಪಾಡು. ಅವರು ಹೇಳುತ್ತಿದ್ದದ್ದು ಒಂದು ಅಳತೆಪಟ್ಟಿ ಎಂದು ನನಗೆ ಹೊಳೆದ ಕ್ಷಣದ ರೋಮಾಂಚನ ಇಂದಿಗೂ ಮಾಸಿಲ್ಲ.

ಲೆವೆಲ್ ಉಪಕರಣ ತಂದು ಪ್ರತಿ ಅಡ್ಡಹಲಗೆಯ ಎತ್ತರ ತೆಗೆದೆ. ಇನ್ನೊಂದು ಕಡೆ ಉಪಗ್ರಹ ಚಿತ್ರಗಳು: 1984ರಿಂದೀಚೆಗೆ ಲ್ಯಾಂಡ್‌ಸ್ಯಾಟ್ ಮೂವತ್ತು ಮೀಟರ್ ವಿವರದಲ್ಲಿ, 2015ರಿಂದೀಚೆಗೆ ಸೆಂಟಿನೆಲ್-2 ಹತ್ತು ಮೀಟರ್ ವಿವರದಲ್ಲಿ ಉಚಿತವಾಗಿ ಸಿಗುತ್ತವೆ. ಚಿತ್ರದಲ್ಲಿ ಕಾಣುವುದು ನೀರಿನ ಹರವು ಮಾತ್ರ, ಆಳ ಕಾಣುವುದಿಲ್ಲ. ತೂಬಿನ ಕಲ್ಲು ಹೇಳುವುದು ಆಳವನ್ನು. ಉಪಗ್ರಹ ಹಾದುಹೋಗುವ ದಿನಗಳಂದು ನೀರು ಯಾವ ಕಲ್ಲಿಗಿದೆ ಎಂದು ನೀರುಗಂಟಿ ಫೋನ್ ಮಾಡಿ ತಿಳಿಸುತ್ತಿದ್ದರು. ಎರಡನ್ನೂ ಜೋಡಿಸಿ ಎತ್ತರಕ್ಕೂ ಹರವಿಗೂ ಇರುವ ಸಂಬಂಧದ ರೇಖೆ ಎಳೆದ ಮೇಲೆ ಹಳೆಯ ಚಿತ್ರಗಳಿಂದಲೂ ಕೆರೆಯ ಸಂಗ್ರಹವನ್ನು ಅಂದಾಜು ಮಾಡಬಹುದಾಯಿತು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮೋಡ ಕವಿದು ಚಿತ್ರಗಳು ಕೆಡುತ್ತವೆ. ಆಗ ಮೋಡವನ್ನು ಭೇದಿಸಿ ನೋಡುವ ಸೆಂಟಿನೆಲ್-1ರ ರೇಡಾರ್ ಚಿತ್ರಗಳನ್ನು ಬಳಸಿದೆ.

ಹೂಳಿನ ವಯಸ್ಸು ತಿಳಿಯುವಾಗಲೂ ಊರಿನವರ ನೆನಪೇ ದಾರಿ ತೋರಿತು. ವಿಕಿರಣ ಸೂಸುತ್ತ ಸುಮಾರು 22 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುವ ಸೀಸ-210ರಿಂದ ಕಳೆದ ನೂರು ವರ್ಷಗಳ ಹೂಳಿನ ಪದರಗಳ ಕಾಲ ಹೇಳಬಹುದು, ಆದರೆ ಪದರಗಳು ಕದಡಿರಬಾರದು. ನಮ್ಮ ರೈತರು ಬೇಸಿಗೆಯಲ್ಲಿ ಕೆರೆಯ ಗೋಡುಮಣ್ಣನ್ನು ಹೊಲಕ್ಕೆ ಹೊಡೆಯುತ್ತಾರೆ, ಹೀಗಾಗಿ ಬಹುಪಾಲು ಅಂಗಳ ಅಗೆದು ಬಿದ್ದದ್ದೇ. ಯಾವ ಮೂಲೆಗೆ ಗಾಡಿ, ಟ್ರ್ಯಾಕ್ಟರ್ ಇಳಿಯಲೇ ಇಲ್ಲ ಎಂದು ಹಿರಿಯರನ್ನು ಬೇರೆ ಬೇರೆಯಾಗಿ ಕೇಳಿದೆ. ಎಲ್ಲರ ಬೆರಳೂ ತೋರಿದ ಜಾಗದಲ್ಲಿ ಹೂಳಿನ ಮಾದರಿ ತೆಗೆಯಲು ಕೊಳವೆ ಇಳಿಸಿದೆ. ಪ್ರಯೋಗಾಲಯದ ವರದಿಯಲ್ಲಿ ಪದರಗಳು ಕ್ರಮವಾಗಿಯೇ ಇದ್ದವು.

ಉತ್ತರಕ್ಕೆ ಬರುತ್ತೇನೆ. ಕೆಳಗಿನ ಕೆರೆಗೆ ನೀರು ಬಾರದಿರಲು ನಾನು ಅಳೆದ ಸರಣಿಯಲ್ಲಿ ಮಳೆಯ ಕೊರತೆ ಮುಖ್ಯ ಕಾರಣವಾಗಿರಲಿಲ್ಲ. ಕೆರೆಗೆ ನೀರು ತರುವ, ಗ್ರಾಮ ನಕಾಶೆಯಲ್ಲಿ ಅಗಲವಾಗಿ ಬರೆದಿದ್ದ ರಾಜಕಾಲುವೆ ನೆಲದ ಮೇಲೆ ಒಂದು ಕಡೆ ಬದುವಿನಷ್ಟಾಗಿತ್ತು. ಜಲಾನಯನದ ತುಂಬ ನೀಲಗಿರಿ ತೋಪು, ಕೊಳವೆಬಾವಿ. ಅಂತರ್ಜಲ ಕುಸಿದಿದ್ದರಿಂದ ಬಿದ್ದ ನೀರು ಹರಿಯುವ ಮೊದಲೇ ಇಂಗುತ್ತಿತ್ತು.

ಬರವಣಿಗೆಯ ಹಂತದಲ್ಲಿ ‘ಇದು ಯಾವ ವಿಭಾಗದ ಪ್ರಬಂಧ’ ಎಂದು ಕೇಳಿದವರು ಇದ್ದರು. ಪ್ರತಿ ಸಾಕ್ಷ್ಯವನ್ನೂ ಅದರದೇ ಶಾಸ್ತ್ರದ ನಿಯಮಕ್ಕೆ ಒಡ್ಡಿ, ಆಯಾ ಕ್ಷೇತ್ರದವರಿಂದ ಪರೀಕ್ಷೆ ಮಾಡಿಸಿ, ಕೊನೆಯ ಅಧ್ಯಾಯದಲ್ಲಷ್ಟೇ ಒಟ್ಟುಗೂಡಿಸಿದೆ. ಸಂದರ್ಶನವನ್ನು ಅಂಕಿಗಳಿಗೆ ಅಲಂಕಾರವಾಗಿ ಅಂಟಿಸಲಿಲ್ಲ. ತೂಬಿನ ಅಳತೆ ನೀರುಗಂಟಿಯ ಜ್ಞಾನವೆಂದು ಅವರ ಒಪ್ಪಿಗೆ ಪಡೆದು, ಹೆಸರು ಸಹಿತ ನಮೂದಿಸಿದೆ. ಈ ಸೀಮೆಯಲ್ಲಿ ತಲೆಮಾರುಗಳಿಂದ ಆ ಕೆಲಸ ಮಾಡಿಕೊಂಡು ಬಂದವರಲ್ಲಿ ದಲಿತ ಕುಟುಂಬಗಳೇ ಹೆಚ್ಚು. ಅವರ ವಿದ್ಯೆಯನ್ನು ‘ಸ್ಥಳೀಯ ಮಾಹಿತಿ’ ಎಂದು ಹೆಸರಿಲ್ಲದೆ ಬಳಸಿಕೊಳ್ಳುವುದು ಅನ್ಯಾಯ ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಫಲಿತಾಂಶಗಳನ್ನು ಕನ್ನಡದಲ್ಲಿ ಬರೆದು ನಕಾಶೆ ಸಹಿತ ಪಂಚಾಯಿತಿಗೆ ಕೊಟ್ಟೆ.

ಇದೇ ವಿಧಾನವನ್ನು ಈಗ ಕೈಗೊಳ್ಳುವವರು ಒಂದು ಸಂಗತಿ ಗಮನಿಸಬೇಕು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅದು ಬಂದ ಕೆರೆಗಳಲ್ಲಿ ಮಳೆಯಿಲ್ಲದ ತಿಂಗಳಲ್ಲೂ ನೀರು ನಿಲ್ಲುತ್ತದೆ, ಹಾಗಾಗಿ ಉಪಗ್ರಹ ತೋರಿಸುವ ಹರವನ್ನು ಮಳೆಯ ಲೆಕ್ಕಕ್ಕೆ ಹಾಕುವಂತಿಲ್ಲ. ಅಂಗಳ ಒಣಗದಿದ್ದರೆ ಹೂಳಿನ ಮಾದರಿ ತೆಗೆಯುವುದೂ ಕಷ್ಟ. ನಾನು 2018ರ ಹಿಂದಿನ ಚಿತ್ರಗಳಿಗೆ ಬೇರೆ ಕಡತ ಮಾಡಿದ್ದೇನೆ, ಬೆಂಗಳೂರಿನ ನೀರು ಬಂದ ದಿನ ಯಾವುದು, ಮಳೆಯ ನೀರು ಬಂದ ದಿನ ಯಾವುದು ಎಂದು ನೀರುಗಂಟಿಯ ಮಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಡುತ್ತಿದ್ದಾಳೆ.