ಒಂದು ಪ್ರದೇಶದ ನೀರಿನ ಲೆಕ್ಕ ಹಾಕೋದು ಹೇಗೆ (ಒಂದೇ ನೀರನ್ನ ಎರಡು ಸಲ ಎಣಿಸದೆ)

ಒಂದು ಭಾಗದಲ್ಲಿ ನೀರೆಷ್ಟಿದೆ, ಎಷ್ಟು ತೆಗೀಬಹುದು ಅಂತ ಸ್ಟಡಿ ಮಾಡೋಕೆ ಹೊರಟವ್ರು ಸಾಮಾನ್ಯವಾಗಿ ಆಡಳಿತದ ಗಡಿ ಇರೋ ಮ್ಯಾಪ್ ಹಿಡ್ಕೊಂಡು ಕೂತ್ಬಿಡ್ತಾರೆ, ಅಲ್ಲೇ ಎಡವಟ್ಟು. ಕಾಂಟೂರ್ ಮ್ಯಾಪ್ (ನೆಲದ ಏರುತಗ್ಗು ಗೆರೆಗಳಲ್ಲಿ ತೋರಿಸೋ ಮ್ಯಾಪ್) ತಗೊಳ್ಳಿ, ಹೊಳೆ ಹೊರಗೆ ಹೋಗೋ ಜಾಗದಿಂದ ಶುರು ಮಾಡಿ ದಿಣ್ಣೆಗಳ ನೆತ್ತಿ ಹಿಡ್ಕೊಂಡು ಗೆರೆ ಎಳೀತಾ ಸುತ್ತು ಹಾಕಿ ವಾಪಸ್ ಅಲ್ಲಿಗೇ ಬನ್ನಿ, ಆ ಗೆರೆ ಒಳಗಿರೋದೇ ನಿಮ್ಮ ಜಲಾನಯನ, ಅಂದ್ರೆ ಮಳೆ ನೀರು ಆ ಹೊಳೆಗೇ ಬಂದು ಸೇರೋ ಜಾಗ.

ಆಮೇಲೆ ಮಳೆ. 1 ಚದರ ಕಿಮೀ ಮೇಲೆ 1 ಮಿಮೀ ಮಳೆ ಬಿದ್ರೆ 10 ಲಕ್ಷ ಲೀಟರ್. ಭಾರಿ ಅನ್ಸತ್ತೆ, ಆದ್ರೆ ಅದ್ರಲ್ಲಿ ದೊಡ್ಡ ಪಾಲು ಆವಿಯಾಗಿ, ಗಿಡಮರ ಕುಡ್ದು ಹೋಗತ್ತೆ, ಉಳಿದದ್ದು ಮಾತ್ರ ಹೊಳೆಗೂ ನೆಲದೊಳಕ್ಕೂ. ಕಡಿಮೆ ಅಂದ್ರೂ 30 ವರ್ಷದ ದಾಖಲೆ ನೋಡಿ. ಅಮೆರಿಕದ ಕೊಲೊರಾಡೊ ನದಿ ನೀರನ್ನ 1922ರಲ್ಲಿ ಹಂಚ್ಕೊಂಡಾಗ ನದಿಯ ಮೇಲ್ಭಾಗದ ರಾಜ್ಯಗಳಿಗೆ ವರ್ಷಕ್ಕೆ 75 ಲಕ್ಷ ಎಕರೆ-ಅಡಿ (ಒಂದು ಎಕರೆ ಮೇಲೆ ಒಂದು ಅಡಿ ನಿಲ್ಲೋ ನೀರು ಅಂದ್ರೆ ಒಂದು ಎಕರೆ-ಅಡಿ), ಕೆಳಭಾಗದವಕ್ಕೆ 75 ಲಕ್ಷ ಅಂತ ಬರೆದ್ರು, ಅವ್ರ ಕೈಲಿದ್ದ ದಾಖಲೆ ಮಳೆ ಚೆನ್ನಾಗಿದ್ದ ವರ್ಷಗಳದ್ದು, ಅದರ ತಲೆನೋವು ಇವತ್ತಿಗೂ ಮುಗಿದಿಲ್ಲ. ಹಂಗಾಗಿ ಸರಾಸರಿ ನಂಬ್ಬೇಡಿ, ಕೆಟ್ಟ ವರ್ಷಗಳಲ್ಲೂ ಎಷ್ಟು ಸಿಕ್ಕಿದೆ ನೋಡಿ ಪ್ಲಾನ್ ಮಾಡಿ.

ಹೊಳೆ ಹರಿವು ಅಳೆಯೋಕೆ ದೊಡ್ಡ ಮಷೀನೇನೂ ಬೇಡ. ನೇರವಾಗಿ ಹರಿಯೋ 20 ಮೀಟರ್ ಜಾಗ ಗುರುತು ಮಾಡಿ, ಅರ್ಧ ಮುಳುಗೋ ಅಂಥ ಕಟ್ಟಿಗೆ ತುಂಡು ಬಿಟ್ಟು ಟೈಮ್ ನೋಡಿ, ಐದಾರು ಸಲ ಬಿಟ್ಟು ಸರಾಸರಿ ತಗೊಳ್ಳಿ. 40 ಸೆಕೆಂಡ್ ಬಂತು ಅಂದ್ರೆ ವೇಗ ಸೆಕೆಂಡಿಗೆ ಅರ್ಧ ಮೀಟರ್. ಆದ್ರೆ ಮೇಲ್ಗಡೆ ನೀರು ತಳಕ್ಕಿಂತ ಜೋರಾಗಿ ಓಡತ್ತಲ್ಲ, ಅದಕ್ಕೆ ಸುಮಾರು 0.85ರಿಂದ ಗುಣಿಸಿ. ಬಂದದ್ದನ್ನ ಹೊಳೆಯ ಅಗಲ, ಆಳದಿಂದ ಗುಣಿಸಿ, ಅಗಲ 3 ಮೀಟರ್, ಸರಾಸರಿ ಆಳ 0.4 ಮೀಟರ್ ಇದ್ರೆ ಸೆಕೆಂಡಿಗೆ ಹತ್ತಿರ ಹತ್ತಿರ 510 ಲೀಟರ್.

ಬಾವಿಗೆ ಸ್ಟೀಲ್ ಟೇಪ್ ಸಾಕು. ತುದಿಗೆ ಒಂದು ಮೀಟರ್ ಚಾಕ್‌ಪೀಸ್ ಬಳಿದು, ಬಾಯಿ ಅಂಚಲ್ಲಿ ಒಂದೇ ಗುರುತಿನ ಹತ್ರ ಹಿಡಿದು ಇಳಿಸಿ, ಮೇಲೆತ್ತಿದಾಗ ಚಾಕ್ ಎಲ್ಲಿವರ್ಗೂ ಒದ್ದೆಯಾಗಿ ಕಪ್ಪಾಗಿದೆ ನೋಡಿ, ಇಳಿಸಿದ ಒಟ್ಟು ಉದ್ದದಿಂದ ಆ ಒದ್ದೆ ಉದ್ದ ಕಳೆದ್ಬಿಡಿ, ಉಳಿದದ್ದೇ ನೀರಿನ ಮಟ್ಟಕ್ಕಿರೋ ಆಳ. ಪಂಪ್ ನಿಲ್ಲಿಸಿ ಕೆಲವು ಗಂಟೆ ಆದ್ಮೇಲೇ ಅಳೀರಿ, ಇಲ್ಲಾಂದ್ರೆ ಸಿಗೋದು ಪಂಪ್ ಎಳೆದ ಗುಂಡಿಯ ಮಟ್ಟ, ನೆಲದ್ದಲ್ಲ. ಗಟ್ಟಿ ಬಂಡೆ ಪ್ರದೇಶ ಆದ್ರೆ ಇನ್ನೊಂದು ವಿಷ್ಯ, 10 ಚದರ ಕಿಮೀನಲ್ಲಿ ಮಟ್ಟ 2 ಮೀಟರ್ ಏರಿದ್ರೆ 2 ಕೋಟಿ ಘನ ಮೀಟರ್ ಬಂತು ಅಂತ ಕುಣೀಬೇಡಿ, ಅಲ್ಲಿ ನೀರು ಕೂರೋದು ಬಿರುಕುಗಳಲ್ಲಿ ಮಾತ್ರ, ಅದು ಒಟ್ಟು ಗಾತ್ರದಲ್ಲಿ ಶೇ 2 ಅಂತ ಹಿಡಿದ್ರೆ ನಿಜಕ್ಕೂ ಸಿಗೋದು 4 ಲಕ್ಷ ಅಷ್ಟೇ.

ಈಗ ನನ್ನ ಪ್ರಕಾರ ಅತಿ ದೊಡ್ಡ ತಪ್ಪು: ಹೊಳೆ ನೀರು ಇಷ್ಟು, ಬೋರ್‌ವೆಲ್ ನೀರು ಇಷ್ಟು ಅಂತ ಎರಡನ್ನೂ ಕೂಡೋದು. ಮಳೆ ನಿಂತು ಎರಡು ತಿಂಗಳಾದ್ಮೇಲೂ ಹೊಳೆ ಹರೀತಿದ್ರೆ, ಮೇಲೆ ಕೆರೆ ಡ್ಯಾಮ್ ಏನೂ ಇಲ್ಲಾಂದ್ರೆ, ಆ ನೀರು ಎಲ್ಲಿಂದ ಬಂತು? ನೆಲದಿಂದ್ಲೇ ಒಸರಿ ಬಂದಿದ್ದು. ಅದನ್ನೇ ಪಕ್ಕದಲ್ಲಿ ಬೋರ್ ಹಾಕಿ ಎತ್ತಿದ್ರೆ ಹೊಳೆ ಸೊರಗತ್ತೆ, ಪೇಪರ್ ಮೇಲೆ ಮಾತ್ರ ಎರಡೂ ಇರತ್ತೆ.

ಕ್ವಾಲಿಟಿ ಟೆಸ್ಟ್ ಬಿಡ್ಬೇಡಿ, ನೈಟ್ರೇಟ್ ಲೀಟರಿಗೆ 50 ಮಿಲಿಗ್ರಾಂ, ಫ್ಲೋರೈಡ್ 1.5 ದಾಟಬಾರ್ದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ. ಕುಡಿಯೋ ನೀರಿನ ಬಾವಿಗೆ ನೀರು ಯಾವ ಕಡೆಯಿಂದ ಹರಿದು ಬರತ್ತೋ ಆ ಕಡೆ ಗೊಬ್ಬರದ ಗುಂಡಿ, ಶೌಚದ ಪಿಟ್ಟು, ಕಸದ ರಾಶಿ ಇದ್ರೆ ಮ್ಯಾಪ್ ಮೇಲೆ ಕೆಂಪಲ್ಲಿ ಗುರುತು ಹಾಕಿ.

ಇದೆಲ್ಲಾ ಆದ್ಮೇಲೆ, ಬಾವಿ ಮಟ್ಟ ಇಷ್ಟಕ್ಕಿಳಿದ್ರೆ ಮೊದ್ಲು ಯಾವ ಪಂಪ್ ಬಂದ್, ಆಮೇಲೆ ಯಾವುದು ಅಂತ ನೀರು ತುಂಬಿರೋವಾಗ್ಲೇ ಎಲ್ಲರನ್ನೂ ಕೂರಿಸ್ಕೊಂಡು ಬರೆದಿಟ್ಬಿಡಿ, ಬತ್ತಿದ ಮೇಲೆ ಮೀಟಿಂಗ್ ಕರೆದ್ರೆ ಯಾರೂ ಒಪ್ಪಲ್ಲ.